ಕೆಂಚಪ್ಪ ಹಚ್ಚಿದ ‘ರಿ’

ಏ ಕೆಂಚಪ್ಪಾ, ನಿನ್ನ ಬಾಯಾಗ ಮಣ್ಣ ಬೀಳಲಿ, ಇವಗ್ಯಾಕ ರಿ ಅಂತಿ, ಇಂವೇನ ತಹಶೀಲ್ದಾರ ಏನ — ರಾವಸಾಹೇಬನ ದನಿಗೆ ಹುಕ್ಕೇರಿ ಸಂತೆಯ ಆ ಕಟಿಂಗ್ ಅಂಗಡಿಯಲ್ಲಿ ಬೆಂಚಿನ ಮೇಲಿದ್ದವರೆಲ್ಲ ಪೇಪರು ಇಳಿಸಿದರು, ಇಳಿಸಲಿ, ಕುರ್ಚಿಯಲ್ಲಿ ಕೂತವನು ತನ್ನ ಮಗ ಶುಭಮ್, ಹದಿನೇಳು ತುಂಬಿಲ್ಲ, ಈ ಕೆಂಚಪ್ಪ ಅವನ ಕೊರಳಿಗೆ ಬಟ್ಟೆ ಸುತ್ತಿ, ಬಗ್ಗಿ, ದಾಡೀನೂ ಮಾಡಬೇಕೇನ್ರಿ ಅಂತ ಕೇಳುತ್ತಾನೆ, ದಾಡಿಯಂತೆ, ಎಲ್ಲಿದೆ ದಾಡಿ, ಅಲ್ಲೊಂದು ಇಲ್ಲೊಂದು ಮೊಳೆತ ಜೋಳದ ಹೊಲದಂತಿದೆ ಗದ್ದ, ಇವನೋ ಎದೆ ಸೆಟೆಸಿ ಹೂಂ ಮಾಡ್ರಿ ಅನ್ನುತ್ತಾನೆ, ಇದೇ ಅಂಗಡಿ, ಇದೇ ಕುರ್ಚಿ, ಸಣ್ಣವನಿದ್ದಾಗ ಅದರ ಎರಡು ಕೈಗಳ ಮೇಲೆ ಹಲಗೆ ಅಡ್ಡ ಇಟ್ಟು ಕೂರಿಸಬೇಕಿತ್ತು ಇವನನ್ನು, ಮಶೀನು ಕಿವಿಯ ಹತ್ತಿರ ಬಂದರೆ ಬೆಲ್ಲದ ಬಾಗೇವಾಡಿ ಊರಿನ ತಮ್ಮ ಮನೆಗೆ ಕೇಳಿಸುವ ಹಾಗೆ ಚೀರುತ್ತಿದ್ದ, ಅಪ್ಪ ಎರಡೂ ಅಂಗೈಯಲ್ಲಿ ತಲೆ ಹಿಡಿದರೆ ಮಾತ್ರ ಗಪ್ಪು, ಎಳೆಯ ಕುತ್ತಿಗೆಯ ಬಿಸಿ, ಪೌಡರಿನ ವಾಸನೆ, ಒಮ್ಮೆ ಅಪ್ಪನ ಅಂಗಿಯ ಮೇಲೇ ಉಚ್ಚೆ ಹೊಯ್ದ, ಅದೇ ಅಂಗಿಯಲ್ಲಿ ಗೋಕಾಕದ ಬೀಗರ ಮನೆಗೆ ಊಟಕ್ಕೆ ಹೋಗಿದ್ದ ರಾವಸಾಹೇಬ, ಹೆಂಡತಿ ಸುಂದ್ರವ್ವ ಮೂಗು ಮುಚ್ಚಿಕೊಂಡರೆ ಸಾಬಾಣದ ನೀರು ಅಂದಿದ್ದ — ಏ, ಆ ಹಲಗಿ ಎಲ್ಲೈತಿ, ತಗಿ, ಅದರ ಮ್ಯಾಲ ಕುಂದ್ರಸು ಇವನ್ನ — ಹಲಗಿ ಎಲ್ಲಿಂದ ತರಲ್ರಿ ರಾವಸಾಹೇಬ್ರ, ಹಿತ್ತಲ ಬಾಗಲಾ ಮುರದಿತ್ತು, ಅದಕ್ಕ ಬಡದೇನಿ. ಬೆಂಚು ನಕ್ಕಿತು. ಬಾಗಿಲಿಗೆ ಬಡಿದನಂತೆ, ನನ್ನ ಮಗನ ಹಲಗೆ, ಯಾರನ್ನು ಕೇಳಿ ಬಡಿದ, ಅಷ್ಟರಲ್ಲಿ ಮಗನ ಕೆನ್ನೆ ತುಂಬ ನೊರೆ, ಕೆಂಚಪ್ಪ ಕತ್ತಿಗೆ ಹೊಸ ಬ್ಲೇಡು ಹಾಕಿದ, ಅದು ಹೊಳೆಯಿತು, ರಾವಸಾಹೇಬನ ಕಾಲು ತಾವೇ ಎದ್ದವು, ಕೈ ತಾವೇ ಹೋಗಿ ಆ ತಲೆಯನ್ನು ಹಿಡಿದವು, ಅಲಗಾಡಬ್ಯಾಡೋ ಬಾಳಾ, ಏನೂ ಆಗೂದುಲ್ಲ, ಅಪ್ಪ ಅದಾನು — ತಲೆ ಅಂಗೈಯಲ್ಲಿ ಹಿಡಿಸುತ್ತಿಲ್ಲ, ಯಾವಾಗ ಇಷ್ಟಾಯಿತು, ಎಣ್ಣೆಯೂ ಅಲ್ಲ ಎಂಥದೋ ಜೆಲ್ಲು, ಅಂಟಂಟು — ಮೊದಲ ಹಾಲ ಕುಡಸ್ರಿ ಅದಕ್ಕ, ಅಂದ ಬೆಂಚಿನವನೊಬ್ಬ, ಮಗನ ಕಿವಿ ಕೆಂಪಾದವು, ಕೈ ತಗೀರಿ ಅಂದ. ತಗೀರಿ. ಮುಂಜಾನೆ ತಾನೇ ಯಪ್ಪಾ ಗಾಡಿ ಕೀಲಿ ಕೊಡೋ ಅಂದ ಬಾಯಿ, ಸಂತೆಯಲ್ಲಿ ಕಂಡ ಕಂಡವರಿಗೆ ಹಚ್ಚುವ ರಿ ತಂದು ಹಡೆದಪ್ಪನಿಗೆ ಹಚ್ಚಿತು, ಏನಂದಿ, ಯಾರಿಗೆ ರಿ ಅಂದಿ ಮಗನ, ನಾ ಏನ ನಿನಗ ಪರಕೀಯನ — ಶುಭಮ್ ಎದ್ದ, ಕೊರಳ ಬಟ್ಟೆ ಬಿಚ್ಚಲಿಲ್ಲ, ನೊರೆ ಒರೆಸಲಿಲ್ಲ, ಮೆಟ್ಟಿಲಿಳಿದು ಸಂತೆಯ ಮಂದಿಯೊಳಗೆ ಹೋಗಿಯೇಬಿಟ್ಟ. ಬರ್ತಾನ ಬಿಡ್ರಿ, ಮಾರಿ ತುಂಬ ಸಾಬಾಣ ಹಚಗೊಂಡ ಎಲ್ಲಿ ಹೋಗ್ತಾನ, ಮ್ಯಾಲ ನನ್ನ ಬಟ್ಟಿ ಬ್ಯಾರೆ ಐತಿ, ಅಂದ ಕೆಂಚಪ್ಪ. ಬರುತ್ತಾನೆ, ನೊರೆ ಒಣಗಿ ಕಡಿಯತೊಡಗಿದರೆ ಬರುತ್ತಾನೆ, ಚಹಾ ಬಂತು, ಆರಿತು, ಬಾಜೂ ಕುರ್ಚಿಯಲ್ಲಿ ಇಬ್ಬರ ಕಟಿಂಗ್ ಮುಗಿಯಿತು, ಈ ಕುರ್ಚಿಗೆ ಮಾತ್ರ ರಾವಸಾಹೇಬ ಯಾರನ್ನೂ ಹತ್ತಗೊಡಲಿಲ್ಲ, ಎದುರಿಗೆ ಕನ್ನಡಿ, ಬೆನ್ನ ಹಿಂದೆ ಕನ್ನಡಿ, ಅದರೊಳಗೆ ಖಾಲಿ ಕುರ್ಚಿ, ಅದರ ಹಿಂದೆ ಇನ್ನೊಂದು ಖಾಲಿ ಕುರ್ಚಿ, ತುಸು ಸಣ್ಣದು, ಅದರ ಹಿಂದೆ ಮತ್ತೊಂದು, ಇನ್ನೂ ಸಣ್ಣದು, ಎಲ್ಲಕ್ಕಿಂತ ಹಿಂದೆ ಮೂರು ವರ್ಷದ ಕೂಸಿಗೆ ಸರಿಯಾಗುವಂಥ ಕುರ್ಚಿ, ಅದೂ ಖಾಲಿ