ಹಿಟ್ಟಿನ ಡಬ್ಬಿಗೆ ಒರಗಿದ ಮೊಬೈಲು

ನಾನೊಂದು ಮೊಬೈಲು. ಕಾರ್ಖಾನೆಯಲ್ಲಿ ನನ್ನ ಗಾಜನ್ನು ಮೊದಲು ಮುಟ್ಟಿದ್ದು ಯಂತ್ರವೊಂದರ ಮೆತ್ತನೆಯ ರಬ್ಬರು ಬೆರಳು. ಮನುಷ್ಯರ ಬೆರಳೆಲ್ಲ ಹೀಗೇ ಇರುತ್ತವೆಂದು ನಂಬಿ ಲೋಕಕ್ಕೆ ಬಂದೆ.

ಜಮಖಂಡಿಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಮಹಾದೇವಿ ನನ್ನನ್ನು ಕೊಂಡಳು. ಅವಳ ಬೆರಳು ಸೋಕಿದರೆ ಸಾಕು, ತೆರೆದುಕೊಳ್ಳುತ್ತಿದ್ದೆ. ಕೆಲವು ವರ್ಷಕ್ಕೆ ಅವಳಿಗೆ ಹೊಸ ಮೊಬೈಲು ಬಂತು. ನಾನು ಅವಳ ಅತ್ತೆ ಬಸಲಿಂಗವ್ವನ ಪಾಲಾದೆ.

ಬಸಲಿಂಗವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವಳು. ಅವಳಿಗೆ ನಾನು ಬೇಕಾದದ್ದು ಒಂದೇ ಕಾರಣಕ್ಕೆ. ಮಿರಜದಲ್ಲಿರುವ ತಂಗಿ ಕಾಶವ್ವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಅಕ್ಕತಂಗಿಯರು ಚಿಕ್ಕಂದಿನಿಂದ ಕೈಸನ್ನೆಯಲ್ಲೇ ಹರಟಿದವರು. ಇನ್ನು ದಿನಾ ಮುಖ ನೋಡಿ ಹರಟಬಹುದು ಎಂಬ ಆಸೆ ಇಬ್ಬರಿಗೂ.

ಆದರೆ ಮಧ್ಯಾಹ್ನ ಕಾಶವ್ವನ ವಿಡಿಯೋ ಕರೆ ಬಂದಾಗ ಬಸಲಿಂಗವ್ವ ಹಸಿರು ಗುರುತನ್ನು ಲೈಟಿನ ಸ್ವಿಚ್ಚಿನಂತೆ ಗಟ್ಟಿಯಾಗಿ ಒತ್ತುತ್ತಿದ್ದಳು. ಹೆಂಚಿನ ಬಿಸಿಗೆ ಒಣಗಿ ದಡ್ಡುಗಟ್ಟಿದ ಬೆರಳು. ನನಗೆ ಅದು ತಿಳಿಯುತ್ತಲೇ ಇರಲಿಲ್ಲ. ಕರೆ ನಿಂತುಹೋಗುತ್ತಿತ್ತು. ನನ್ನನ್ನು ಮಡಿಲಲ್ಲಿಟ್ಟುಕೊಂಡು ಸೊಸೆಯ ದಾರಿ ಕಾಯುತ್ತಿದ್ದಳು.

“ಅತ್ತೀ, ಅದು ರೊಟ್ಟಿ ಅಲ್ರಿ, ಹಂಗ ಬಡೀಬ್ಯಾಡ್ರಿ,” ಎಂದು ಸಂಜೆ ಬಂದ ಮಹಾದೇವಿ ನಗುತ್ತಿದ್ದಳು.

“ಬೆಂಕಿಗೆ ಗೊತ್ತೈತಿ ನನ್ನ ಬೆರಳು. ನಿನ್ನ ಈ ಗಾಜಿಗೆ ಗೊತ್ತಿಲ್ಲ ನೋಡು.”

ಮಹಾದೇವಿಯೇ ಕರೆ ಹಚ್ಚಿ, ನನ್ನನ್ನು ಹಿಡಿದು ಕೂರಬೇಕಿತ್ತು. ಅವಳಿಗೂ ಆ ಸನ್ನೆಗಳು ಬರುತ್ತಿದ್ದವು. ಸೊಸೆಯ ಎದುರಿಗೆ ಅಕ್ಕತಂಗಿ ಏನು ತಾನೆ ಹರಟಿಯಾರು? ಕ್ಷೇಮ ಕೇಳಿ ಮುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಬಸಲಿಂಗವ್ವ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಾಗ ನಾನು ಹಾಡಿದೆ. ಕೈಯನ್ನು ಸೆರಗಿಗೆ ಅರೆಬರೆ ಒರೆಸಿ, ನೀರು ಸವರಿದ ಅದೇ ಹಗುರದಲ್ಲಿ ನನ್ನ ಮೇಲೆ ಬೆರಳೆಳೆದಳು. ಆ ತೇವದಲ್ಲಿ ಅವಳ ಬೆರಳು ನನಗೆ ಮೊದಲ ಸಲ ತಿಳಿಯಿತು. ಕಾಶವ್ವನ ಮುಖ ಮೂಡಿತು.

ಒಂದು ಕೈಯಲ್ಲಿ ನನ್ನನ್ನು ಹಿಡಿದು, ಇನ್ನೊಂದರಲ್ಲಿ ಸನ್ನೆ ಮಾಡಿದರೆ ಅರ್ಧ ಮಾತು ಉಳಿದೇ ಹೋಗುತ್ತಿತ್ತು. ಇನ್ನೊಂದು ಕೈ ಎಲ್ಲಿ, ಸಂತೆಯಲ್ಲಿ ಮಾರಿಬಿಟ್ಟೆಯಾ ಎಂದು ಕಾಶವ್ವ ಕೈಯಾಡಿಸಿ ಕೇಳಿದಳು. ಬಸಲಿಂಗವ್ವ ನಗುತ್ತ ಬುಟ್ಟಿಯೊಂದನ್ನು ಬೋರಲು ಹಾಕಿ, ಕಣ್ಣಿನ ಮಟ್ಟಕ್ಕೆ ಬರುವಂತೆ ನನ್ನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿದಳು. ಎರಡೂ ಕೈ ಬಿಡುವಾದವು. ಅಂದು ಒಂದು ರೊಟ್ಟಿ ಕರಕಲಾಯಿತು.

ಅಂದಿನಿಂದ ಅವಳು ಬೆರಳು ತೇವ ಮಾಡಿಕೊಂಡೇ ನನ್ನನ್ನು ಮುಟ್ಟುತ್ತಾಳೆ. ಈಗ ನನಗೆ ವಯಸ್ಸಾಗಿದೆ. ಗಾಜು ಬಿರುಕು ಬಿಟ್ಟಿದೆ, ಚಾರ್ಜರಿನ ವೈರು ಕಿತ್ತರೆ ಉಸಿರು ನಿಲ್ಲುತ್ತದೆ. ಡಬ್ಬಿಯ ಪಕ್ಕದ ಮೂಲೆಯೇ ನನ್ನ ಮನೆ. ಬೇರೆ ಮೊಬೈಲುಗಳು ದಿನವಿಡೀ ದನಿ ಹೊತ್ತು ತಿರುಗುತ್ತವೆ. ನಾನು ಹೊರುವುದು ನಾಲ್ಕು ಕೈಗಳ ಮಾತು, ಅಷ್ಟೆ. ಸುಖವಾಗಿದ್ದೇನೆ.

ನಿನ್ನೆ ರಜೆಯಿದ್ದ ಮಹಾದೇವಿ ಒಳಗೆ ಬಂದು, “ಇಷ್ಟ್ಯಾಕ ನಗಾಕತ್ತೀರಿ? ಏನಂತಾರ ಸಣ್ಣತ್ತಿ?” ಎಂದು ಬಗ್ಗಿದಳು.

“ನಿನ್ನ ಸುದ್ದೀನ ನಡದೈತಿ. ನೀ ಆಕಡೆ ಹೋಗು,” ಎಂದ ಬಸಲಿಂಗವ್ವ ನನ್ನನ್ನು ತನ್ನತ್ತ ತುಸು ತಿರುಗಿಸಿಕೊಂಡಳು.