ಗಂಧಕದ ಅಚ್ಚು

ಒಬ್ಬನ ಮೇಲೆ ಅನುಮಾನ ಹುಟ್ಟಿದರೆ ಸಾಕು, ಅವನ ಕೆಮ್ಮು ಕೂಡ ಕಳ್ಳಕೆಮ್ಮಿನಂತೆ ಕೇಳಿಸುತ್ತದೆ. ಕೋವಿ ರಿಪೇರಿಯ ಅಣ್ಣನಿಗೆ ಎರಡು ದಿನದಿಂದ ತನ್ನ ತಮ್ಮನ ವಿಷಯದಲ್ಲಿ ಹಾಗೇ ಆಗಿತ್ತು. ಹಿಂದಿನ ಕೋಣೆಯಲ್ಲಿ ಅಣ್ಣನ ಲೇತು, ಅರಗಳು. ಮುಂದಿನ ಅಂಗಡಿಯಲ್ಲಿ ತಮ್ಮನ ತಕ್ಕಡಿ ಮತ್ತು ತೋಟಾಗಳಿಗೆ ಮದ್ದು ತುಂಬುವ ಕೈಯಂತ್ರ. ನಡುವಿನ ಬಾಗಿಲು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮುಚ್ಚಿದ್ದಿಲ್ಲ. ಈಗ ಅಣ್ಣ ಅದನ್ನು ಮುಕ್ಕಾಲು ಎಳೆದುಕೊಂಡು ಸಂದಿನಿಂದ ಇಣುಕುತ್ತಿದ್ದ.

ಆಗಿದ್ದಿಷ್ಟು. ಶೂಟಿಂಗ್ ಕ್ಲಬ್ಬಿನ ಡ್ರಾಯಿಂಗ್ ಟೀಚರಮ್ಮ ಒಂದು ಹಳೆಯ ರೈಫಲ್ ಕೊಂಡಿದ್ದರು. ಅದಕ್ಕೆ ಈ ತಮ್ಮ ತುಂಬಿಕೊಟ್ಟ ತೋಟಾ ಹಾಕಿ ಟ್ರಿಗರ್ ಒತ್ತಿದರು. ತೋಟಾದ ಹಿತ್ತಾಳೆ ಕೊಳವೆ ಒಳಗೇ ಹರಿದು, ಬೆಂಕಿಯಂಥ ಹೊಗೆ ಹಿಂದಕ್ಕೆ ನುಗ್ಗಿ ಮುಖಕ್ಕೆ ಹೊಡೆಯಿತು. ಬಲಗಣ್ಣು ಉಳಿಯುತ್ತದೋ ಇಲ್ಲವೋ ಡಾಕ್ಟರು ಇನ್ನೂ ಹೇಳಿಲ್ಲ. ಈ ಕೆಲಸ ಬಲ್ಲವನು ಸುತ್ತಮುತ್ತ ಅಣ್ಣನೊಬ್ಬನೇ. ಆದ್ದರಿಂದ ಲೈಸೆನ್ಸ್ ಇನ್ಸ್‌ಪೆಕ್ಟರು ರೈಫಲನ್ನು ಅವನ ಮುಂದಿಟ್ಟು, "ಪರೀಕ್ಷೆ ಮಾಡಿ ಬರೆದಿಡಿ. ಮೂರು ಗಂಟೆಗೆ ಬರ್ತೀನಿ" ಎಂದಿದ್ದರು. ತಪ್ಪು ತಮ್ಮನದಾದರೆ ಅವನ ಲೈಸೆನ್ಸ್ ಹೋಗುತ್ತದೆ, ಜೈಲೂ ಆದೀತು.

ಪರೀಕ್ಷೆಗೆ ಮೊದಲೇ ಅಣ್ಣ ತೀರ್ಪು ಕೊಟ್ಟಾಗಿತ್ತು: ಮದ್ದು ಜಾಸ್ತಿ ಬಿದ್ದಿದೆ. ತಮ್ಮ ಮಹಾ ಮಾತಿನಮಲ್ಲ. ತಕ್ಕಡಿ ಮುಂದೆ ಕೂತರೂ ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ. ಅಂಥವನು ಎರಡು ದಿನದಿಂದ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದಾನೆ. ಬೆಳಿಗ್ಗೆಯಿಂದ ತಕ್ಕಡಿಯನ್ನು ಮೂರು ಸಲ ಒರೆಸಿದ. ಯಾಕೆ ಒರೆಸಬೇಕು? ಈಗ ನೋಡಿದರೆ ತೋಟಾಗಳನ್ನು ಒಂದೊಂದಾಗಿ ಬಿಚ್ಚಿ ಮದ್ದು ಸುರಿಯುತ್ತಿದ್ದ.

"ಏನೋ ಮಾಡ್ತಿದ್ದೀಯ?"

"ಟೀಚರಿಗೆ ಕೊಟ್ಟ ಪೆಟ್ಟಿಗೆಯಲ್ಲಿ ಉಳಿದಿದ್ದು ಇವು. ತೂಕ ನೋಡ್ತಿದ್ದೀನಣ್ಣ. ಎಲ್ಲಾ ಸರಿಯಾಗೇ ಬರ್ತಿದೆ."

"ಬರದೆ ಏನು! ತೂಗೋನೂ ನೀನೇ, ನೋಡೋನೂ ನೀನೇ."

ತಮ್ಮ ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಅಣ್ಣ ಮನಸ್ಸಿನಲ್ಲೇ ಅಂದುಕೊಂಡ. ಆದರೂ ತಾನೇ ಎತ್ತಿ ಆಡಿಸಿದ ತಮ್ಮ.

ವರದಿಗೆ ಒಂದೇ ಕೊರತೆ: ರೈಫಲಿನಲ್ಲಿ ದೋಷವಿಲ್ಲ ಎಂದು ತೋರಿಸಬೇಕು. ನಳಿಗೆಯ ಮೇಲೆ ಯಾವ ತೋಟಾ ಎಂಬ ಮುದ್ರೆ ಸ್ಪಷ್ಟವಾಗಿತ್ತು. ತಮ್ಮ ಕೊಟ್ಟದ್ದೂ ಅದನ್ನೇ. ಇನ್ನು ಚೇಂಬರ್, ಅಂದರೆ ತೋಟಾ ಕೂರುವ ಗೂಡು. ಅದರ ಒಳಗನ್ನು ಅಳೆಯಲು ಅವನ ಅಪ್ಪ ಕಲಿಸಿದ ದಾರಿ ಒಂದೇ. ನಳಿಗೆಗೆ ಬಟ್ಟೆಯ ಬಿರಡೆ ತುರುಕಿ, ಗಂಧಕ ಕರಗಿಸಿ ಗೂಡಿಗೆ ಹೊಯ್ದು, ಆರಿದ ಮೇಲೆ ಕಡ್ಡಿಯಿಂದ ತಳ್ಳಿದರೆ ಗೂಡಿನದೇ ಪಡಿಯಚ್ಚು ಹೊರಗೆ ಬರುತ್ತದೆ. ಕಿಟಕಿ ತೆರೆದು, ಮೂಗಿಗೆ ಬಟ್ಟೆ ಕಟ್ಟಿ, ಅಣ್ಣ ಹಾಗೇ ಮಾಡಿದ. ತಮ್ಮನ ಕುತ್ತಿಗೆಗೆ ಹಗ್ಗ ಹೊಸೆಯಲು ಎಂಥಾ ಶ್ರದ್ಧೆ!

ಹಳದಿ ಅಚ್ಚನ್ನು ಅಳತೆಯ ಕೋಲಿಗೆ ಹಿಡಿದ. ಇರಬೇಕಾದ್ದಕ್ಕಿಂತ ಆರು ಮಿಲಿಮೀಟರ್ ಹೆಚ್ಚು ಉದ್ದ ಬಂತು. ಕೋಲು ಒರೆಸಿ ಮತ್ತೆ ಹಿಡಿದ. ಆರೇ.

ಈ ಜಾತಿಯ ತೋಟಾದಲ್ಲಿ ಅಕ್ಕತಂಗಿಯರಂತೆ ಎರಡಿವೆ. ಬುಡ ಒಂದೇ, ಗುಂಡಿನ ದಪ್ಪ ಒಂದೇ. ಒಂದು ಗಿಡ್ಡ, ಒಂದು ಉದ್ದ. ಉದ್ದದ್ದು ಗಿಡ್ಡದರ ಗೂಡಿಗೆ ಹೋಗುವುದೇ ಇಲ್ಲ, ಬೋಲ್ಟು ಮುಚ್ಚುವುದಿಲ್ಲ. ಗಿಡ್ಡದ್ದು ಉದ್ದದ ಗೂಡಿಗೆ ಸಲೀಸಾಗಿ ಹೋಗುತ್ತದೆ. ಆದರೆ ಮುಂದೆ ಆತುಕೊಳ್ಳಲು ಗೋಡೆ ಸಿಗದೆ ಹಿತ್ತಾಳೆ ಹಿಗ್ಗಿ ಹರಿಯುತ್ತದೆ. ಮುದ್ರೆ ಗಿಡ್ಡದ್ದು, ಗೂಡು ಉದ್ದದ್ದು. ಯಾರೋ ಗೂಡು ಕೊರೆದು ಬೆಳೆಸಿ, ಮುದ್ರೆಯನ್ನು ಹಳೆಯದೇ ಬಿಟ್ಟಿದ್ದಾರೆ.

"ಯಾವ ಬೇಜವಾಬ್ದಾರಿ ಮುಂಡೇಮಗ..." ಎಂದು ಬೈಯುತ್ತ ಅಚ್ಚನ್ನು ಬೆಳಕಿಗೆ ತಿರುಗಿಸಿದ. ಅಚ್ಚು ಕಿರಿದಾಗುವ ಭುಜದ ಸುತ್ತ ಕೂದಲೆಳೆಯಷ್ಟು ಗೀರು ಕಂಡಿತು. ಗೂಡು ಕೊರೆಯುವಾಗ ಆ ಗೀರು ಬೀಳಿಸುವ ರೀಮರ್, ಹಲ್ಲಿನ ಮೂಲೆ ಚಕ್ಕೆ ಎದ್ದದ್ದು, ಅವನದೇ ಡ್ರಾಯರಿನಲ್ಲಿತ್ತು.

ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ ಗೂಡು ಬೆಳೆಸಲು ಇದೇ ರೈಫಲನ್ನು ಕೊಟ್ಟಿದ್ದ. ಹೊಸ ಮುದ್ರೆ ಹೊಡೆಯದೆ ಕೋವಿ ಹೊಸ್ತಿಲು ದಾಟಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಆದರೆ ಮುದ್ರೆಯ ಸೆಟ್ಟಿನಲ್ಲಿ ಅದಕ್ಕೆ ಬೇಕಾದ ಎಂಟರ ಅಂಕಿಯ ಪಂಚು ಮುರಿದಿತ್ತು. "ಹೊಸ ಪಂಚು ಬಂದಾಗ ಕೋವಿ ತನ್ನಿ, ಹೊಡೆದುಕೊಡ್ತೀನಿ" ಎಂದು ಕಳಿಸಿದ್ದ. ಅವನು ತರಲಿಲ್ಲ, ಇವನು ಕೇಳಲಿಲ್ಲ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ತಮ್ಮನ ಎಲೆಯ ನೊಣ ಹುಡುಕಿದ್ದ. ಗಂಧಕದ ಅಚ್ಚು ಬಲು ಪೆಡಸು. ಅಂಗೈಯಲ್ಲಿ ಅಮುಕಿದರೆ ಪುಡಿ. ಗಂಟೆ ಎರಡೂ ಮುಕ್ಕಾಲು. ಬೆರಳುಗಳು ತಾವಾಗಿಯೇ ಬಿಗಿದವು.

ಬಾಗಿಲು ತಳ್ಳಿಕೊಂಡು ತಮ್ಮ ಬಂದ. ಕೈಯಲ್ಲಿ ಮಡಿಸಿದ ಕಾಗದ.

"ಅಣ್ಣ, ನಾನೇ ಬರೆದುಬಿಟ್ಟಿದ್ದೀನಿ. ಮದ್ದು ಜಾಸ್ತಿ ಬಿದ್ದಿರಬಹುದು ಅಂತ."

"ತೂಕ ಸರಿ ಬಂತು ಅಂದ್ಯಲ್ಲೋ?"

"ಬಂತು. ಆದರೆ ನೀನು ಎರಡು ದಿನದಿಂದ ನೋಡೋ ನೋಟ ನೋಡಿದ್ರೆ... ನಿನ್ನ ಕಣ್ಣು ತಪ್ಪಲ್ಲ. ನಾನೇ ಎಲ್ಲೋ ಎಡವಿರ್ಬೇಕು."

ಅಣ್ಣ ಬಿಗಿದ ಬೆರಳು ಬಿಚ್ಚಿ ಅಚ್ಚನ್ನು ಮೇಜಿನ ಮೇಲಿಟ್ಟ. ಡ್ರಾಯರಿನಿಂದ ರೀಮರ್ ತೆಗೆದು ಅದರ ಪಕ್ಕಕ್ಕಿಟ್ಟ.

"ಆ ಕಾಗದ ಹರಿದು ಹಾಕು. ತಪ್ಪು ನಿಂದಲ್ಲ."

ತಮ್ಮನಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಅವನೂ ಅದೇ ಅಪ್ಪನ ಮಗ. ಅಚ್ಚು ನೋಡಿದ, ನಳಿಗೆಯ ಮುದ್ರೆ ನೋಡಿದ, ರೀಮರಿನ ಹಲ್ಲಿನ ಮೇಲೆ ಉಗುರು ಆಡಿಸಿದ. ಅವನು ಕೂಗಾಡಿದ್ದರೆ ಅಣ್ಣನಿಗೆ ಹಗುರವಾಗುತ್ತಿತ್ತು.

"ಹೊಸ ಪಂಚು ಬರೋಕೆ ಎಷ್ಟು ದಿನ ಆಯ್ತು ಆಗ?"

"ಎರಡು ತಿಂಗಳು."

"ಆ ಎರಡು ತಿಂಗಳಲ್ಲಿ ಹೀಗೆ ಕಳಿಸಿದ್ದು ಇದೊಂದೇನಾ?"

"ನೆನಪಿಲ್ಲ ಕಣೋ" ಎಂದ ಅಣ್ಣ. ತಮ್ಮ ಅವನನ್ನೇ ನೋಡುತ್ತಿದ್ದ, ಎರಡು ದಿನ ಬಾಗಿಲ ಸಂದಿನಿಂದ ಅಣ್ಣ ಅವನನ್ನು ನೋಡಿದ ಹಾಗೆ. ಆಮೇಲೆ ಫೋನು ತೆಗೆದು ಕ್ಲಬ್ಬಿನ ನಂಬರ್ ಒತ್ತಿದ.

"ಎಲ್ಲರಿಗೂ ಹೇಳಿ. ನಮ್ಮಲ್ಲಿ ಕೆಲಸ ಮಾಡಿಸಿದ ಯಾವ ರೈಫಲನ್ನೂ ಮುಟ್ಟಬೇಡಿ."