ದೇವರ ಕೋಣೆಗೆ ಬಂದ ಹುತ್ತ

ಗೆದ್ದಲಿಗೆ ಔಷಧಿ ಹೊಡೆಯುವವನು ಹನ್ನೊಂದಕ್ಕೆ ಬರುತ್ತಾನೆಂದು ಸೊಸೆ ಸಂಘಮಿತ್ರ ಹೇಳಿದಾಗಿನಿಂದ ಚಲುವಮ್ಮನಿಗೆ ತುತ್ತು ಇಳಿದಿರಲಿಲ್ಲ.

“ಅಂವ ಇವತ್ತೇ ಬರ್ಬೇಕಾ?”

“ಇವತ್ತು ಬಿಟ್ರೆ ಚೌಕಟ್ಟು ಕೈಗೇ ಬರುತ್ತೆ ಅತ್ತೆ. ಕೇಳಿ ಇಲ್ಲಿ.” ಸಂಘಮಿತ್ರ ದೇವರ ಕೋಣೆಯ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಒಣ ಸೋರೆಬುರುಡೆ ತಟ್ಟಿದಂಥ ಸದ್ದು.

“ನಿಮ್ಮ ಬುದ್ಧ ಇರುವೇನೂ ಕೊಲ್ಬ್ಯಾಡಿ ಅಂದವ್ನೆ ಅಂತಿದ್ದೆ?”

“ಅವನು ಮರದ ಕೆಳಗೆ ಕೂತಿದ್ದ ಅತ್ತೆ. ಅವನಿಗೇನು ಚೌಕಟ್ಟಿನ ಚಿಂತೆ!”

ಸೊಸೆ ನಕ್ಕಳು. ಚಲುವಮ್ಮನಿಗೆ ನಗು ಬರಲಿಲ್ಲ. ದೇವರ ಮಂಟಪದ ಹಿಂದೆ ತಾನು ಬಿಟ್ಟಿದ್ದ ಹಳದಿ ಬಟ್ಟೆಯ ಪರದೆಯ ಮೇಲೇ ಅವಳ ಕಣ್ಣು. ಅದರ ಹಿಂದಿದ್ದದ್ದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು.

ಶಿವರಾತ್ರಿ ಕಳೆದ ಸೋಮವಾರ ಅದು ಮೊದಲು ಕಂಡಿತ್ತು. ಗೋಡೆಯ ಬುಡದಲ್ಲಿ ಬೆರಳುದ್ದದ ಹಸಿ ಮಣ್ಣು. ಗುಡಿಸಲು ಪೊರಕೆ ಎತ್ತಿದವಳು ಹಾಗೇ ನಿಂತಳು. ಅಪ್ಪ ಮೂಗಯ್ಯ ತಂಬೂರಿ ಹಿಡಿದು ಹಾಡುತ್ತಿದ್ದ ಕಥೆಗಳಲ್ಲಿ ಮನೆದೇವರಾದ ಸ್ವಾಮಿ ಹುತ್ತದಲ್ಲೇ ಇರುತ್ತಿದ್ದ. ಹಸು ತಾನಾಗಿ ಹೋಗಿ ಅದರ ಮೇಲೆ ಹಾಲು ಸುರಿಸುತ್ತಿತ್ತು. ಎಳೆಯ ಚಲುವಿಗೆ ಆಗ ಒಂದೇ ಕೆಲಸ: ಅಪ್ಪನ ಎದುರು ಕೂತು ಪ್ರತಿ ಸೊಲ್ಲಿಗೂ ‘ಹ್ಞೂಂ’ ಅನ್ನುವುದು. ಕೇಳುವವರು ಹ್ಞೂಂ ಅನ್ನದಿದ್ದರೆ ಕಥೆ ಮುಂದಕ್ಕೆ ನಡೆಯದು. ಅವಳು ತೂಕಡಿಸಿದರೆ ಅಪ್ಪ ತಂತಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ.

ಹುತ್ತ ಮನೆಗೇ ಬಂದಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ. ದಿನ ಬೆಳಗ್ಗೆ ಒಂದು ಚೊಂಬು ನೀರು, ಸೋಮವಾರ ಒಂದು ಲೋಟ ಹಾಲು. ಬೆರಳುದ್ದವಿದ್ದದ್ದು ಮೊಳವಾಯಿತು. ಮೊಳವಾದ ದಿನ, ಸ್ವಾಮಿಯ ಪಕ್ಕದಲ್ಲಿ ಇರಲೆಂದು, ಮೊಳೆಯಲ್ಲಿ ತೂಗುತ್ತಿದ್ದ ಅಪ್ಪನ ತಂಬೂರಿಯನ್ನು ಇಳಿಸಿ ಅಲ್ಲೇ ಗೋಡೆಗೆ ಒರಗಿಸಿದಳು. ಆಮೇಲೆ ಮುಟ್ಟಿರಲಿಲ್ಲ. ಹೋದ ವಾರ ಚೌಕಟ್ಟು ಟೊಳ್ಳಾದದ್ದು ಗೊತ್ತಾದ ಮೇಲಂತೂ ಮುಟ್ಟಲು ಧೈರ್ಯವೇ ಬಂದಿರಲಿಲ್ಲ. ಅಪ್ಪನದೆಂದು ಉಳಿದಿರುವುದು ಅದೊಂದೇ.

ಹನ್ನೊಂದಕ್ಕೆ ಲಿಂಗರಾಜು ಬಂದ. ಕೈಯಲ್ಲಿ ಡ್ರಿಲ್ಲಿಂಗ್ ಮಷಿನ್, ಬೆನ್ನ ಮೇಲೆ ಔಷಧಿಯ ಕ್ಯಾನು. ಗೋಡೆಯ ಬುಡದುದ್ದಕ್ಕೂ ಅಡಿಗೊಂದು ತೂತು ಕೊರೆದು ಔಷಧಿ ಇಳಿಸಿ ಸಿಮೆಂಟಿನಿಂದ ಮುಚ್ಚುತ್ತೇನೆಂದ. ಚೌಕಟ್ಟಿನ ಬುಡದ ಮಣ್ಣನ್ನು ಚಿವುಟಿ ನೋಡಿ ಹುಬ್ಬು ಗಂಟಿಕ್ಕಿದ.

“ಮೇಡಂ, ಇದು ಪೂರಾ ಹಸಿ ಇದೆ. ಎಲ್ಲೋ ನೀರು ಸೋರ್ತಿದೆ. ಅದನ್ನ ನಿಲ್ಲಿಸದೆ ಔಷಧಿ ಹೊಡೆದ್ರೆ ಆರು ತಿಂಗಳಿಗೆ ಮತ್ತೆ ಬಂದ್ಬುಡ್ತವೆ.”

ನಲ್ಲಿ ನೋಡಿದರು, ಸಿಂಕಿನ ಕೆಳಗೆ ನೋಡಿದರು. ಎಲ್ಲವೂ ಒಣಗಿತ್ತು.

“ಈ ಗೋಡೆ ಹಿಂದೆ ಬಚ್ಚಲು ಅಲ್ವಾ? ಪೈಪು ಒಳಗೇ ಒಡೆದಿರ್ಬೇಕು. ಟೈಲ್ಸ್ ಒಡೆದು ನೋಡೋದೇ ದಾರಿ.”

ಸಂಘಮಿತ್ರ ಹಣೆ ಒತ್ತಿಕೊಂಡಳು. ಆ ಟೈಲ್ಸನ್ನು ಅವಳೇ ದೇವರಾಜ ಮೊಹಲ್ಲಾದ ಅಂಗಡಿ ಅಂಗಡಿ ಸುತ್ತಿ ಆರಿಸಿ ತಂದಿದ್ದಳು. ಗಂಡ ರಾಹುಲನಿಗೆ ಫೋನು ಮಾಡಿದಳು. ಅವನು ಡ್ಯೂಟಿಯಲ್ಲಿದ್ದ, ಎತ್ತಲಿಲ್ಲ.

“ಸರಿ, ಒಡೀರಿ,” ಅಂದಳು.

ಲಿಂಗರಾಜು ಬಚ್ಚಲಿಗೆ ಹೋಗಿ ಉಳಿ ತೆಗೆದ. ಚಲುವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಹೇಳಿದರೆ ಸೊಸೆಯ ಎದುರು ಮುಖ ಎತ್ತುವುದು ಹೇಗೆ? ಹೇಳಿದ ಮೇಲೆ ಪರದೆ ಸರಿಸಲೇಬೇಕು. ಸರಿಸಿದರೆ ತಂಬೂರಿ. ಮೊದಲ ಏಟು ಬಿತ್ತು. ನೀಲಿ ಟೈಲ್ಸಿನ ಒಂದು ಮೂಲೆ ಹಾರಿತು.

“ಒಡೀಬ್ಯಾಡಿ! ಪೈಪಲ್ಲ. ನಾನು.”

“ಏನತ್ತೆ?”

“ನೀರು ಹುಯ್ತಿದ್ದೋಳು ನಾನು ಕನವ್ವ. ಸೋಮಾರ ಹಾಲೂವೆ.”

ಅವಳೇ ದೇವರ ಕೋಣೆಗೆ ಹೋಗಿ ಹಳದಿ ಬಟ್ಟೆ ಸರಿಸಿದಳು. ಗೋಡೆಯ ಮೇಲೆ ಮೊಳಕ್ಕೂ ಮೇಲಾದ ಮಣ್ಣು, ಅದರ ನೆತ್ತಿಗೆ ಕುಂಕುಮ. ಸಂಘಮಿತ್ರ ಬಗ್ಗಿ ಅದರ ಬುಡ ಮುಟ್ಟಿದಳು; ಬೆರಳಿಗೆ ಹಸಿ ಮಣ್ಣು ಮೆತ್ತಿತು.

ಲಿಂಗರಾಜು ಮಾಸ್ಕ್ ಇಳಿಸಿದ. “ಇಂಥದ್ದು ನಾನು ಬೇಕಾದಷ್ಟು ನೋಡಿದೀನಿ ಕಣಮ್ಮ. ಅಗ್ರಹಾರದಲ್ಲಿ ಒಬ್ರು ಮೊಟ್ಟೇನೂ ಇಟ್ಟಿದ್ರು. ಹೊರಗೆ ಹೊಲದಲ್ಲಿ ಕಟ್ಟಿದ್ರೆ ನಾನೂ ಕೈ ಮುಗೀತೀನಿ. ಒಳಗೆ ಕಟ್ಟಿದ್ರೆ ಮನೇನೇ ಅದರ ಊಟ.” ಆಮೇಲೆ ತಂಬೂರಿ ಕಂಡು, “ಅದನ್ನ ಮೊದಲು ಈಚೆ ತನ್ನಿ,” ಅಂದ.

ಚಲುವಮ್ಮ ಕೈ ಚಾಚಿದವಳು ಹಿಂದೆ ತೆಗೆದಳು. “ನೀನೇ ಎತ್ತವ್ವ.”

ಸಂಘಮಿತ್ರ ಎರಡೂ ಕೈಯಲ್ಲಿ, ಕೂಸನ್ನು ಎತ್ತುವ ಹಾಗೆ ಎತ್ತಿದಳು. ತಂಬೂರಿಯ ಬುರುಡೆಯ ಬೆನ್ನು ಗೋಡೆಗೇ ಅಂಟಿಕೊಂಡು ಉಳಿಯಿತು. ಉಳಿದ ಬುರುಡೆ ಹಿಟ್ಟು ಹಿಟ್ಟಾಗಿ ಉದುರಿತು. ಅದರೊಳಗೆ ಬಿಳಿ ಹುಳುಗಳು ಬೆಳಕಿಗೆ ಬೆದರಿ ಓಡಿದವು. ಬುರುಡೆಯ ಮೇಲಿನ ಉದ್ದ ಕೋಲು ಮಾತ್ರ ಗಟ್ಟಿಯಾಗಿತ್ತು. ತಂತಿಗಳು ಸಡಿಲವಾಗಿ ತೂಗುತ್ತಿದ್ದವು.

ಚಲುವಮ್ಮ ಅಳಲಿಲ್ಲ. ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ದೇವರ ಕೋಣೆಯ ಎದುರು ನೆಲದ ಮೇಲೆ ಕೂತಳು.

“ಕೋಲು ಚೆನ್ನಾಗಿದೆ ಅತ್ತೆ,” ಸಂಘಮಿತ್ರ ಪಕ್ಕದಲ್ಲಿ ಕುಕ್ಕರಿಸಿದಳು. “ಬುರುಡೆ ಬೇರೆ ಮಾಡಿಸ್ಬಹುದೇನೋ. ನನಗೆ ಒಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ರೆ ನೀನು ಗುಡಿಸಿಬುಡ್ತಿದ್ದೆ.”

“ಗುಡಿಸ್ತಿದ್ದೆ,” ಅವಳು ಒಪ್ಪಿಕೊಂಡಳು.

ಲಿಂಗರಾಜು ಮಷಿನ್ನಿನ ಮೊನೆಯನ್ನು ಹುತ್ತದ ಬುಡಕ್ಕೆ ಇಟ್ಟ. ಒತ್ತಲಿಲ್ಲ. ತಿರುಗಿ ಚಲುವಮ್ಮನನ್ನು ನೋಡಿದ. ಸೊಸೆಯೂ ನೋಡಿದಳು.

ಚಲುವಮ್ಮನ ಬೆರಳು ಸಡಿಲ ತಂತಿಯ ಮೇಲಿತ್ತು. ಅವಳು ಮಂಟಪದ ಸ್ವಾಮಿಯನ್ನು ನೋಡಿದಳು, ಅವನ ಪಕ್ಕದಲ್ಲಿ ಸೊಸೆ ಇಟ್ಟಿದ್ದ ಬುದ್ಧನನ್ನು ನೋಡಿದಳು.

“ಹ್ಞೂಂ,” ಅಂದಳು.

ಮಷಿನ್ ಗುರ್ರೆಂದಿತು. ಒಂದು ತೂತು ಮುಗಿಸಿ, ಅಡಿ ಅಳೆದು, ಲಿಂಗರಾಜು ಮತ್ತೆ ತಿರುಗಿ ನೋಡಿದ.

“ಹ್ಞೂಂ.”